ಹಾಲಸಿದ್ದಪ್ಪನ ಇಪ್ಪತ್ತೊಂದು ದಿನ

ಹಾಲಸಿದ್ದಪ್ಪ ಸುಳ್ಳು ಹೇಳುವ ಆಳಲ್ಲ ಎಂದು ಅವನನ್ನು ಬಲ್ಲವರೆಲ್ಲ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಕತಾರಿಗೆ ಬಂದ ಮೇಲೆ ಒಂದು ಸುಳ್ಳನ್ನು ಅವನು ಹದಿನೇಳು ವರ್ಷ, ರಜೆಯ ದಿನ ಬಿಟ್ಟು ಪ್ರತಿ ಬೆಳಗ್ಗೆ ಹೇಳಿದ್ದ. ಸುತ್ತ ನಿಂತವರೆಲ್ಲ ಅದನ್ನೇ ಹೇಳುತ್ತಿದ್ದರಿಂದ ಅದು ಸುಳ್ಳೆಂದು ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೇ.

ಅವನು ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆಯವನು. ಅಲ್ಲಿಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ, ಚಿಮಣಿಗೆ ಬಣ್ಣ ಬಳಿಯುವವರು ನಿಲ್ಲಲೆಂದು ಕಬ್ಬಿಣದ ಕೊಳವೆ ಕಟ್ಟಿ ಅಟ್ಟಣಿಗೆ ಎಬ್ಬಿಸುವ ಕೆಲಸ ಕಲಿತ. ಅದೇ ಕೆಲಸಕ್ಕೆ ಕತಾರಿನ ಉತ್ತರ ತುದಿಯ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿಗೆ ಬಂದ. ಮೊದಲು ಕೊಳವೆ ಹೊರುವವನಾಗಿದ್ದ, ಆಮೇಲೆ ಕಟ್ಟುವವನಾದ, ಹತ್ತು ವರ್ಷಕ್ಕೆ ಫೋರ್‌ಮನ್ ಆದ. ಅಟ್ಟಣಿಗೆ ಮುಗಿದ ಮೇಲೆ ಅದರ ಬುಡಕ್ಕೆ ಹಸಿರು ಚೀಟಿ ಕಟ್ಟಿ ಸಹಿ ಹಾಕುವ ಹೊಣೆ ಅವನದು. ತುದಿಯವರೆಗೆ ತಾನೇ ಹತ್ತಿ, ಒಂದೊಂದು ಕ್ಲಾಂಪನ್ನೂ ಕೈಯಿಂದ ಅಲುಗಿಸಿ ನೋಡದೆ ಅವನು ಒಮ್ಮೆಯೂ ಸಹಿ ಹಾಕಿದವನಲ್ಲ. ಅವನು ಸಹಿ ಹಾಕಿದ್ದರೆ ಬೇರೆ ಕಂಪನಿಯ ವೆಲ್ಡರುಗಳೂ ಕೆಳಗೆ ನೋಡದೆ ಹತ್ತುತ್ತಿದ್ದರು.

ಆದರೆ ಬೆಳಗಿನ ಮಾತು ಬೇರೆ. ಐದೂವರೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸೇಫ್ಟಿ ಆಫೀಸರ್ ದಿನಾ ಕೇಳುತ್ತಿದ್ದ: "ಎನಿಬಡಿ ಸಿಕ್?" ನಲವತ್ತು ಜನ ಒಂದೇ ದನಿಯಲ್ಲಿ, "ಆಲ್ ಫಿಟ್, ಸರ್!" ಜ್ವರವಿದ್ದವನೂ ಫಿಟ್, ರಾತ್ರಿಯಿಡೀ ವಾಂತಿ ಮಾಡಿದವನೂ ಫಿಟ್. ಒಂದೇ ಒಂದು ಸಲ ಕೋಲಾರದ ಮುದ್ದುಕೃಷ್ಣ ಎಂಬ ಸಾಧು ಮನುಷ್ಯ ಕೈ ಎತ್ತಿ, ಎತ್ತರಕ್ಕೆ ಹೋದರೆ ತಲೆ ತಿರುಗುತ್ತದೆ ಸಾರ್ ಎಂದ. ಅವನನ್ನು ಪರೀಕ್ಷೆಗೆ ಕಳಿಸಿದರು, ಎತ್ತರದ ಕೆಲಸಕ್ಕೆ ಲಾಯಕ್ಕಿಲ್ಲ ಎಂದು ಬರೆದರು, ಒಂಬತ್ತನೆಯ ದಿನ ಅವನು ವಿಮಾನ ಹತ್ತಿದ. ಅಂದು ಸಂಜೆ ಬಸ್ಸಿನಲ್ಲಿ ಹಾಲಸಿದ್ದಪ್ಪನೇ ತನ್ನ ಹುಡುಗರಿಗೆ ಹೇಳಿದ್ದ: "ನೋಡ್ರಪಾ, ಕೇಳಿದ್ರ ಫಿಟ್ ಅನ್ನಬೇಕು. ಇಲ್ಲಂದ್ರ ಖಲಾಸ್." ಅದು ಒಳ್ಳೆಯ ಬುದ್ಧಿಮಾತು ಎಂದೇ ಅವನು ತಿಳಿದಿದ್ದ.

ಹಾಗಾಗಿ ಕೆಮ್ಮು ಶುರುವಾದಾಗಲೂ ಅವನು ಫಿಟ್ ಆಗಿಯೇ ಇದ್ದ. ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ ಕಂಡದ್ದನ್ನು ನಾಲ್ಕು ತಿಂಗಳು ಹೆಂಡತಿ ಶಿವಗಂಗವ್ವನಿಗೂ ಹೇಳಲಿಲ್ಲ. ಕೊನೆಗೆ ದೋಹಾದ ಹೊರವಲಯದ ಅಲ್ ವುಕೈರಿನಲ್ಲಿದ್ದ ತಮ್ಮ ಫ್ಲಾಟಿನ ಮೆಟ್ಟಿಲು ಹತ್ತಲಾರದೆ ಎರಡನೆಯ ಮಹಡಿಯಲ್ಲಿ ಕುಸಿದು ಕೂತಾಗ ವಿಷಯ ಹೊರಬಿತ್ತು. ಶ್ವಾಸಕೋಶದ ಕ್ಯಾನ್ಸರ್, ಬೆನ್ನುಮೂಳೆಗೂ ಹಬ್ಬಿತ್ತು. ಬೀಡಿ ಸಿಗರೇಟು ಮುಟ್ಟಿದವನಲ್ಲ. ಹಳೆಯ ಫೋರ್‌ಮನ್ ಎಂದು ಕಂಪನಿ ಅವನನ್ನು ಊರಿಗೆ ಕಳಿಸದೆ, ಶಕ್ತಿಯಿದ್ದ ದಿನ ಬಂದು ಮಾಡುವ ಹಗುರ ಕೆಲಸ ಕೊಟ್ಟಿತು. ಒಂದು ಮಾತ್ರೆ ಹದಿನಾಲ್ಕು ತಿಂಗಳು ಅದನ್ನು ಹಿಡಿದಿಟ್ಟಿತು, ಆಮೇಲೆ ಅದರ ಶಕ್ತಿ ಮುಗಿಯಿತು. ಗಡ್ಡೆ ಮತ್ತೆ ಬೆಳೆಯತೊಡಗಿತು. ಆಗ ಡಾಕ್ಟರು ಹೊಸ ಪ್ರಯೋಗವೊಂದರ ಬಗ್ಗೆ ಹೇಳಿ, ವಿವರಿಸಲು ಜಾಹ್ನವಿಯನ್ನು ಕರೆಸಿದರು.

ಜಾಹ್ನವಿ ಆ ಪ್ರಯೋಗದ ನರ್ಸ್. ಮೈಸೂರಿನವಳು, ಇಪ್ಪತ್ತೆಂಟರ ಆಸುಪಾಸು. ಹುಬ್ಬಳ್ಳಿಗೆ ಮದುವೆ ಮಾಡಿಕೊಟ್ಟ ಹಾಲಸಿದ್ದಪ್ಪನ ಮಗಳು ಸುವರ್ಣಾಳದೂ ಅದೇ ವಯಸ್ಸು. ರೋಗಿಗೆ ತನ್ನ ಭಾಷೆಯಲ್ಲೇ ಎಲ್ಲ ತಿಳಿಯಲಿ ಎಂದು ಆಸ್ಪತ್ರೆಯವರು ಬೇಕೆಂದೇ ಅವಳನ್ನು ಇವನಿಗೆ ಗೊತ್ತುಮಾಡಿದ್ದರು.

"ಸಾರ್, ಇಲ್ಲಿ ಎರಡು ಔಷಧಿ ಇದೆ," ಎಂದು ಅವಳು ಕಾಗದದ ಮೇಲೆ ಎರಡು ಸೊನ್ನೆ ಬರೆದು ತೋರಿಸಿದಳು. "ಇದು ದಿನಾ ನುಂಗೋ ಮಾತ್ರೆ. ಇದು ಮೂರು ವಾರಕ್ಕೊಂದ್ಸಲ ಡ್ರಿಪ್ಪಲ್ಲಿ ಹೋಗತ್ತೆ. ಬೇರೆ ಬೇರೆಯಾಗಿ ಎರಡನ್ನೂ ಜನಕ್ಕೆ ಕೊಟ್ಟು ನೋಡಿದ್ದಾರೆ. ಜೊತೇಲಿ ಕೊಟ್ರೆ ಎಷ್ಟು ಡೋಸ್ ತಡ್ಕೋಬಹುದು ಅನ್ನೋದು ಗೊತ್ತಿಲ್ಲ. ಅದನ್ನ ತಿಳ್ಕೊಳೋದೇ ಈ ಪ್ರಯೋಗ. ಮೊದಲು ಮೂರು ಜನಕ್ಕೆ ಕಮ್ಮಿ ಡೋಸ್. ಇಪ್ಪತ್ತೊಂದು ದಿನ ನೋಡ್ತೀವಿ. ಅವರಿಗೇನೂ ಆಗದೇ ಇದ್ರೆ ಮುಂದಿನ ಮೂರು ಜನಕ್ಕೆ ಸ್ವಲ್ಪ ಜಾಸ್ತಿ."

"ಏನಾರ ಆದ್ರ?"

"ಆದ್ರೆ ಹೇಳ್ಬೇಕು. ಅದೇ ಮುಖ್ಯ. ಮಾಮೂಲಿಗಿಂತ ದಿನಕ್ಕೆ ಏಳು ಸಲ ಜಾಸ್ತಿ ಭೇದಿ ಆದ್ರೆ ಗಂಭೀರ, ತಕ್ಷಣ ನಂಗೆ ಫೋನ್ ಮಾಡ್ಬೇಕು. ಡೋಸ್ ನಿಲ್ಲಿಸಿ ನೋಡ್ತೀವಿ."

ಅವಳು ಹೇಳಿದ್ದರಲ್ಲಿ ಹಾಲಸಿದ್ದಪ್ಪನ ಕಿವಿಯಲ್ಲಿ ನಿಂತದ್ದು ಒಂದೇ ಮಾತು: ನಿಲ್ಲಿಸಿ. ಅವನು ಸಹಿ ಹಾಕಿದ. ದಿನಚರಿಯ ಒಂದು ಸಣ್ಣ ಪುಸ್ತಕ ಕೊಟ್ಟರು. ಕನ್ನಡದಲ್ಲೇ ಅಚ್ಚಾಗಿತ್ತು. ಮಾತ್ರೆ ನುಂಗಿದ ಹೊತ್ತು, ಉಸಿರಾಟ, ಚರ್ಮ, ಮಲವಿಸರ್ಜನೆ ಎಷ್ಟು ಬಾರಿ, ಹೀಗೆ ದಿನಕ್ಕೊಂದು ಸಾಲು. ಪ್ರತಿ ಸಾಲಿನ ತುದಿಗೆ ಅವನು ಸಹಿ ಹಾಕಬೇಕು.

ಮೊದಲ ವಾರ ಸುಲಭವಾಗಿ ಕಳೆಯಿತು. ಎಂಟನೆಯ ದಿನ ಹೊಟ್ಟೆ ಕೆಟ್ಟಿತು. ಹತ್ತನೆಯ ದಿನದ ಹೊತ್ತಿಗೆ ಅವನು ಬಚ್ಚಲಿನ ಬಾಗಿಲು ಬಿಟ್ಟು ದೂರ ಹೋಗಲಾರದವನಾದ. ಎಂಟು ಸಲ, ಒಂಬತ್ತು ಸಲ, ಒಂದು ದಿನ ಹನ್ನೊಂದು ಸಲ. ಶಿವಗಂಗವ್ವ ಬಾಗಿಲು ಬಡಿದು ಕೇಳಿದರೆ, "ಮೊನ್ನೆ ಕ್ಯಾಂಟೀನಿನ್ಯಾಗ ಮೀನ ತಿಂದಿದ್ನಲ್ಲ, ಅದರದ," ಎಂದ. ಅವನು ಕ್ಯಾಂಟೀನಿಗೆ ಹೋಗಿ ತಿಂಗಳಾಗಿತ್ತು. ಅವಳು ದಾಳಿಂಬೆ ಸಿಪ್ಪೆ ಕುದಿಸಿ ಕೊಟ್ಟಳು. ಪ್ರಯೋಗದ ಮಾತ್ರೆ ಬಿಟ್ಟು ಬೇರೆ ಔಷಧಿ ಕೇಳದೆ ಮುಟ್ಟಬಾರದೆಂದು ಜಾಹ್ನವಿ ಹೇಳಿದ್ದಳು. ಅವನು ಅದನ್ನೂ ಕುಡಿದ. ಒಳ ಉಡುಪನ್ನು ತಾನೇ ತೊಳೆದು, ಹೆಂಡತಿ ನೋಡುವ ಮೊದಲೇ ಬಾಲ್ಕನಿಯಲ್ಲಿ ಟವೆಲಿನ ಹಿಂದೆ ಒಣಹಾಕಿದ. ರಾಸ್ ಲಫಾನಿನ ಬಿಸಿಲಲ್ಲಿ ಅರವತ್ತು ಮೀಟರ್ ಎತ್ತರ ಹತ್ತಿದ ಮನುಷ್ಯ ಟವೆಲಿನ ಹಿಂದೆ ಒದ್ದೆ ಬಟ್ಟೆ ಬಚ್ಚಿಡುತ್ತ ಕಣ್ಣೀರು ತಡೆದುಕೊಂಡ. ಪುಸ್ತಕದಲ್ಲಿ ದಿನಾ ೨ ಎಂದು ಬರೆದ.

ಹದಿನೈದನೆಯ ದಿನ ಆಸ್ಪತ್ರೆಗೆ ಹೋಗಿ ತೋರಿಸಬೇಕಿತ್ತು. ಕಾರು ಕಲ್ಮೇಶನದು. ಕಲ್ಮೇಶ ಇನ್ನೊಂದು ಗ್ಯಾಂಗಿನ ಫೋರ್‌ಮನ್, ಇವನಿಗಿಂತ ಆರೇಳು ವರ್ಷ ಚಿಕ್ಕವನು, ಒಂದೇ ತಾಲೂಕಿನವನು. ಐನ್ ಖಾಲಿದ್ ದಾಟುವ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಹಾಲಸಿದ್ದಪ್ಪ ಸೀಟಿನ ಅಂಚನ್ನು ಹಿಡಿದುಕೊಂಡ.

"ಕಲ್ಮೇಶ, ಗಾಡಿ ನಿಲ್ಲಸೋ."

"ಸಿಗ್ನಲ್ ಐತಣ್ಣಾ. ಎಲ್ಲಿ ನಿಲ್ಲಸ್ಲಿ?"

"ಎಲ್ಲೆರ ನಿಲ್ಲಸೋ!"

ಕಲ್ಮೇಶ ಹಸಿರು ಬಿದ್ದ ಕೂಡಲೇ ಪಕ್ಕದ ಓಣಿಗೆ ತಿರುಗಿಸಿ ಒಂದು ಮಸೀದಿಯ ಮುಂದೆ ನಿಲ್ಲಿಸಿದ. ಅಷ್ಟರಲ್ಲಿ ತಡವಾಗಿತ್ತು. ಹಾಲಸಿದ್ದಪ್ಪ ಇಳಿದು, ಹಿಂಭಾಗವನ್ನು ಕೈಯಿಂದ ಮುಚ್ಚಿಕೊಂಡು, ನಮಾಜಿಗೆ ಮೊದಲು ಕೈಕಾಲು ತೊಳೆಯುವ ಕಟ್ಟೆಯ ಪಕ್ಕ ಏನು ಮಾಡಬೇಕೆಂದು ತಿಳಿಯದೆ ನಿಂತ. ಅಲ್ಲಿ ನಲ್ಲಿಯ ಮುಂದೆ ಕೂತಿದ್ದ ಬಿಳಿಗಡ್ಡದ ಮುದುಕರೊಬ್ಬರು ಒಮ್ಮೆ ನೋಡಿದರು. ಏನನ್ನೂ ಕೇಳದೆ ಎದ್ದು ಬಂದು ಬಲಗಡೆಯ ಶೌಚಾಲಯದ ಬಾಗಿಲನ್ನು ತಾವೇ ತೆರೆದು ಹಿಡಿದರು, ಮತ್ತೆ ಬೆನ್ನು ತಿರುಗಿಸಿ ಕೂತರು. ಕಲ್ಮೇಶ ಡಿಕ್ಕಿಯಲ್ಲಿದ್ದ ತನ್ನ ಕೆಲಸದ ನೀಲಿ ಕವರಾಲ್ ತಂದು ಬಾಗಿಲ ಮೇಲಿಂದ ಕೊಟ್ಟ.

"ಅಣ್ಣಾ, ಇದನ್ನ ಆ ಸಿಸ್ಟರಿಗೆ ಹೇಳಬೇಕು ನೋಡು," ಎಂದ ಕಾರಿನಲ್ಲಿ.

"ಬಾಯಿ ಮುಚ್ಚಕೊಂಡು ಗಾಡಿ ಹೊಡಿ. ಯಾರಿಗಾರ ಅಂದ್ರ ನಿನ್ನ ಮಾರಿ ನೋಡಂಗಿಲ್ಲ."

ಕಲ್ಮೇಶ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದ.

ಜಾಹ್ನವಿ ಅವನ ವೇಷ ನೋಡಿ ನಕ್ಕಳು. "ಏನ್ ಸಾರ್, ಡ್ಯೂಟಿಯಿಂದ ಸೀದಾ ಬಂದ್ರಾ?"

"ಹೂಂನವಾ."

"ಹೊಟ್ಟೆ ಹೇಗಿದೆ? ದಿನಕ್ಕೆ ಎಷ್ಟು ಸಲ?"

ಅವಳು ಕನ್ನಡದಲ್ಲಿ ಕೇಳಿದಳು. ಅದೇ ಕಷ್ಟವಾಗಿತ್ತು. ಬೇರೆ ದೇಶದ ನರ್ಸ್ ಇಂಗ್ಲಿಷಿನಲ್ಲಿ ಕೇಳಿದ್ದರೆ ಅವನು ಬೆರಳೆತ್ತಿ ತೋರಿಸಿಬಿಡುತ್ತಿದ್ದನೇನೋ. ಮಗಳ ವಯಸ್ಸಿನವಳು ಮಗಳ ಮಾತಿನಲ್ಲಿ ಕೇಳಿದಾಗ ಅವನಿಗೆ ಆ ಶಬ್ದಗಳು ಬಾಯಿಗೆ ಬರಲಿಲ್ಲ. ಅದರ ಜೊತೆಗೆ ಹದಿನೇಳು ವರ್ಷದ ಅಭ್ಯಾಸವಿತ್ತು. ಜೊತೆಗೆ ನಿಲ್ಲಿಸಿಬಿಟ್ಟಾರು ಎಂಬ ಭಯವಿತ್ತು.

"ಎರಡವಾ. ಎಲ್ಲಾ ಫಿಟ್."

ರಕ್ತ ಪರೀಕ್ಷೆಯಲ್ಲೂ ಅವನು ಸಿಕ್ಕಿಬೀಳಲಿಲ್ಲ. ಹಿಂದಿನ ದಿನವೆಲ್ಲ ಉಪ್ಪು ಹಾಕಿದ ಲಬನ್, ಅಂದರೆ ಅಲ್ಲಿಯ ಮಜ್ಜಿಗೆ, ಮೂರು ಬಾಟಲಿ ಕುಡಿದಿದ್ದ. ಬಿಸಿಲಲ್ಲಿ ಕುಸಿಯದಿರಲು ಸೈಟಿನವರು ಕಲಿತ ಉಪಾಯ ಅದು.

ಇಪ್ಪತ್ತೊಂದು ದಿನ ಮುಗಿಯಿತು. ಹೊಟ್ಟೆಯೂ ಮೆಲ್ಲಗೆ ನಾಲ್ಕು ಐದಕ್ಕೆ ಇಳಿಯಿತು. ಎರಡನೆಯ ಡ್ರಿಪ್ಪಿನ ದಿನ ಜಾಹ್ನವಿ ಸಂತೋಷದಿಂದ ಬಂದು ಹೇಳಿದಳು: "ನಿಮ್ಮ ಮೂರೂ ಜನಕ್ಕೆ ಏನೂ ತೊಂದ್ರೆ ಆಗ್ಲಿಲ್ಲ ಸಾರ್. ಮುಂದಿನ ಗುಂಪಿಗೆ ಡೋಸ್ ಏರಿಸೋಕೆ ಒಪ್ಪಿಗೆ ಸಿಕ್ತು. ನಿಮ್ಮ ಡೈರಿ ಎಷ್ಟು ನೀಟಾಗಿದೆ ಅಂತ ಡಾಕ್ಟರ್ ಎಲ್ಲರಿಗೂ ತೋರಿಸಿದ್ರು."

ಹಾಲಸಿದ್ದಪ್ಪ ಗೋಡೆ ನೋಡಿದ. ಮುಂದಿನ ಗುಂಪು ಎಂದರೆ ಯಾರೋ ಮೂವರು. ಅವರಿಗೆ ಮುಖವಿರಲಿಲ್ಲ, ಆದ್ದರಿಂದ ಅವನು ಅವರನ್ನು ಮನಸ್ಸಿನಿಂದ ಆಚೆ ಇಟ್ಟ.

ಹತ್ತು ದಿನದ ಮೇಲೆ ರಕ್ತ ಕೊಡಲು ಹೋದಾಗ ಅವರಲ್ಲೊಬ್ಬರಿಗೆ ಮುಖ ಬಂತು. ಕಾಯುವ ಕೋಣೆಯಲ್ಲಿ ಇವನೂ ಶಿವಗಂಗವ್ವನೂ ಮಾತಾಡುವುದನ್ನು ಕೇಳಿ, ಎದುರಿನ ಕುರ್ಚಿಯ ಹೆಂಗಸು ಎದ್ದು ಬಂದು ಪಕ್ಕದಲ್ಲೇ ಕೂತಳು. ಐವತ್ತರ ಸಮೀಪದವಳು. ಉಸಿರಿಗೆ ಕಷ್ಟವಿದ್ದರೂ ಮಾತಿಗೆ ಕಷ್ಟವಿರಲಿಲ್ಲ.

"ಕನ್ನಡದವ್ರಾ? ಅಲ್ಲಾಹನ ದಯೆ. ಇಲ್ಲಿ ಕೂತು ಕೂತು ನನ್ನ ನಾಲಿಗೆಗೆ ತುಕ್ಕು ಹಿಡಿದಿತ್ತು. ನಾನು ಮಾಜಿದಾ. ಬಂಟ್ವಾಳ ನಮ್ದು. ಇವ್ರು ಅಬ್ದುಲ್ಲಾ, ನಮ್ಮ ಯಜಮಾನ್ರು. ದೋಹಾ ಅಲ್ ಜದೀದಾದಲ್ಲಿ ಇವರದ್ದು ಪಾತ್ರೆ ಅಂಗಡಿ. ಮೂವತ್ತು ವರ್ಷದಿಂದ ಪಾತ್ರೆ ಮಾರ್ತಾರೆ, ಮನೆಯಲ್ಲಿ ಒಂದು ಪಾತ್ರೆ ತೊಳೀಲಿಕ್ಕೆ ಬರುದಿಲ್ಲ."

"ಈಗ ತೊಳೀತೇನೆ ಅಲ್ವಾ," ಎಂದು ಅಬ್ದುಲ್ಲಾ ಮೆಲ್ಲಗೆ ಹೇಳಿದ.

"ತೊಳೀತಾರೆ, ತೊಳೀತಾರೆ. ನಾನು ಪುನಃ ತೊಳೀತೇನೆ."

ಶಿವಗಂಗವ್ವ ಬಹಳ ದಿನದ ಮೇಲೆ ನಕ್ಕಳು. ಆ ಪ್ರಯೋಗಕ್ಕೆ ಸೇರಲು ಮಾಜಿದಾಳಿಗೂ ಕಾಗದ ಕೊಟ್ಟಿದ್ದರು. ಇನ್ನೂ ಸಹಿ ಹಾಕಿರಲಿಲ್ಲ. ಇವನಾಗಲೇ ಆ ಮಾತ್ರೆ ನುಂಗುತ್ತಿದ್ದಾನೆ ಎಂದು ತಿಳಿದದ್ದೇ ಅವಳು ಇವನತ್ತ ಬಾಗಿದಳು.

"ನಂಗೆ ಆ ಕಾಗದ ಓದಿ ಹೆದರಿಕೆ ಆಯ್ತು ಸಿದ್ದಪ್ಪಣ್ಣ. ಹೊಟ್ಟೆ ಹೋಗ್ತದೆ, ಆಸ್ಪತ್ರೆ ಸೇರ್ಬೇಕಾದೀತು, ಹಾಗೆ ಹೀಗೆ ಅಂತ ಉಂಟು. ಕಾಗದದಲ್ಲಿ ಎಲ್ಲ ಬರೀತಾರೆ. ನೀವು ನುಂಗಿದವ್ರು. ಸತ್ಯ ಹೇಳಿ, ನಿಮ್ಗೆ ಎಂತ ಆಯ್ತು?"

ಶಿವಗಂಗವ್ವ ಗಂಡನ ಮುಖ ನೋಡಿದಳು. ಅವಳಿಗೆ ಅಷ್ಟರಲ್ಲಿ ಮೀನಿನ ಕಥೆ ಸುಳ್ಳೆಂದು ಗೊತ್ತಾಗಿತ್ತು. ಹಾಲಸಿದ್ದಪ್ಪ ಹೆಂಡತಿಯ ಕಡೆ ನೋಡಲಿಲ್ಲ. ಅನ್ಯ ಹೆಂಗಸು, ಪಕ್ಕದಲ್ಲಿ ಆಕೆಯ ಗಂಡ, ಸುತ್ತ ಹತ್ತು ಜನ.

"ಏನೂ ಆಗಿಲ್ರೀ ಅಕ್ಕಾರ," ಎಂದ. "ಧೈರ್ಯದಿಂದ ತಗೋರಿ."

"ಕೇಳಿದ್ರಾ?" ಎಂದು ಮಾಜಿದಾ ಗಂಡನನ್ನು ತಿವಿದಳು. "ಸುಮ್ನೆ ಹೆದರ್ಸಿದ್ರಿ ನೀವು."

ಅವಳು ಅಂದೇ ಸಹಿ ಹಾಕಿದಳು.

ಹಾಲಸಿದ್ದಪ್ಪ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಆಮೇಲಿನ ದಿನಗಳಲ್ಲಿ ಮಾಡಿದ. ಮನುಷ್ಯ ಯಾವುದಕ್ಕೂ ಒಗ್ಗಿಕೊಳ್ಳುತ್ತಾನೆ. ತನ್ನ ಮೈ ದಣಿದಿತ್ತು, ಅದಕ್ಕೆ ಹಾಗಾಯಿತು, ಆಕೆಗೆ ಆಗಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಎರಡು ಸಲ ಜಾಹ್ನವಿಯ ನಂಬರನ್ನು ಫೋನಿನಲ್ಲಿ ತೆಗೆದ. ಎರಡು ಸಲವೂ ಫೋನನ್ನು ಬೋರಲು ಇಟ್ಟ.

ಒಂಬತ್ತನೆಯ ವಾರ ಮುಗಿದಾಗ ಸ್ಕ್ಯಾನ್ ಆಯಿತು. ಫಲಿತಾಂಶದ ದಿನ ಡಾಕ್ಟರು ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸಿದರು. ಹಳೆಯ ಚಿತ್ರದಲ್ಲಿ ನೆಲ್ಲಿಕಾಯಿಯಷ್ಟಿದ್ದ ಬಿಳಿ ಮಚ್ಚೆ ಹೊಸದರಲ್ಲಿ ಕಡಲೆಕಾಳಿನಷ್ಟಾಗಿತ್ತು. ಶಿವಗಂಗವ್ವ ಪರದೆಗೆ ಕೈಮುಗಿದಳು. ಡಾಕ್ಟರು ಇವನ ಕೈ ಕುಲುಕಿದರು. ಹಾಲಸಿದ್ದಪ್ಪನಿಗೆ ನಿಜವಾಗಿಯೂ ಸಂತೋಷವಾಯಿತು. ಬದುಕಬಹುದು ಎಂದು ಅವನಿಗೆ ಎರಡು ವರ್ಷದಲ್ಲಿ ಮೊದಲ ಸಲ ಅನ್ನಿಸಿತು.

ಆ ಸಂತೋಷದಲ್ಲೇ ಅವರು ಕೆಳಗೆ ಔಷಧಿ ಕೊಡುವ ಕಿಟಕಿಗೆ ಬಂದರು. ಅಲ್ಲಿ ಅಬ್ದುಲ್ಲಾ ನಿಂತಿದ್ದ. ಗಡ್ಡ ಬೆಳೆದಿತ್ತು. ಕೈಯಲ್ಲಿ ಹೆಂಗಸರ ಚಪ್ಪಲಿಯಿದ್ದ ಪ್ಲಾಸ್ಟಿಕ್ ಚೀಲ.

"ಅಕ್ಕಾರು ಎಲ್ಲಿ?" ಎಂದು ಶಿವಗಂಗವ್ವ ಕೇಳಿದಳು.

"ಮೇಲೆ. ನಾಲ್ಕನೇ ಮಾಳಿಗೆ. ಆರು ದಿನ ಆಯ್ತು." ಅವನು ನಿಧಾನವಾಗಿ ಹೇಳಿದ. "ಮಾತ್ರೆ ಶುರು ಮಾಡಿ ಒಂದು ವಾರಕ್ಕೆ ಹೊಟ್ಟೆ ಹೋಗ್ಲಿಕ್ಕೆ ಶುರುವಾಯ್ತು. ಲೆಕ್ಕ ಇಲ್ಲ ಅಷ್ಟು. ಫೋನ್ ಮಾಡುವಾ ಅಂತ ನಾನು ಹೇಳಿದೆ. ಇವಳು ಬಿಡ್ಲಿಲ್ಲ. ಸಿದ್ದಪ್ಪಣ್ಣನಿಗೆ ಎಂತ ಆಗ್ಲಿಲ್ಲ, ಇದು ಮಾತ್ರೆಯದ್ದಲ್ಲ, ನನ್ನ ತಮ್ಮನ ಮಗಳು ಶಮ್ನಾಳ ಮದುವೆ ಊಟದ್ದು ಅಂದ್ಲು. ನಾಲ್ಕು ದಿನ ಹಾಗೇ ಮಾತ್ರೆ ನುಂಗಿದ್ಲು. ಐದನೇ ದಿನ ಬಾತ್ರೂಮಿನಲ್ಲಿ ಬಿದ್ಲು. ಕಿಡ್ನಿಗೂ ಪೆಟ್ಟಾಗಿದೆ ಹೇಳ್ತಾರೆ."

ಹಾಲಸಿದ್ದಪ್ಪ ಇನ್ನೊಂದು ಹೆಜ್ಜೆ ಹತ್ತಿರ ಬಂದ.

"ಈಗ?"

"ಡ್ರಿಪ್ ಕೊಟ್ಟು ಸುಧಾರಿಸಿದ್ದಾಳೆ. ಡಾಕ್ಟರಿಗೂ ಸರಿ ಗೊತ್ತಾಗುದಿಲ್ಲ. ಮೊದ್ಲಿನ ಮೂವರಿಗೆ ಏನೂ ಆಗದ ಕಾರಣ ಊಟದ ಇನ್ಫೆಕ್ಷನ್ ಇರ್ಬಹುದು ಅಂತ ಅವರ ಅಂದಾಜು. ನಾಳೆ ಮಾತ್ರೆ ಪುನಃ ಶುರು ಮಾಡ್ತಾರಂತೆ. ದುವಾ ಮಾಡಿ." ಕಿಟಕಿಯಲ್ಲಿ ಅವನ ಸಂಖ್ಯೆ ಬಂತು. ಅವನು ಔಷಧಿ ತೆಗೆದುಕೊಂಡು ಲಿಫ್ಟಿನ ಕಡೆ ಹೋದ.

ಹಾಲಸಿದ್ದಪ್ಪ ಅಲ್ಲೇ ನಿಂತ. ಶಿವಗಂಗವ್ವ ಅವನ ತೋಳು ಹಿಡಿದು ಗೋಡೆಯ ಕಡೆ ಎಳೆದುಕೊಂಡಳು.

"ಈಗೇನೂ ಹೇಳಾಕ ಹೋಗಬ್ಯಾಡ್ರಿ," ಎಂದಳು. "ಗಡ್ಡಿ ಇಷ್ಟ ಸಣ್ಣದ ಆಗೇತಿ. ನೀವು ಸುಳ್ಳ ಬರದೀರಿ ಅಂತ ಗೊತ್ತಾದ್ರ ತಗದ ಒಗೀತಾರ. ಆಮೇಲೆ ಯಾವ ಮಾತ್ರಿ ಐತಿ ನಮಗ? ಅಕ್ಕಾರ ಸುಧಾರಿಸ್ಯಾರಂತಲ್ಲ."

"ನಾಳೆ ಮತ್ತ ಕೊಡ್ತಾರಂತ, ಗಂಗವ್ವ."

"ದೊಡ್ಡ ಡಾಕ್ಟರ್ ಅದಾರ. ಅವ್ರಿಗೆ ತಿಳೀದೇನ?"

"ಹ್ಯಾಂಗ ತಿಳೀತೈತಿ? ನಾ ಬರದ್ದನ್ನ ನೋಡೇ ಅವ್ರು ತಿಳ್ಕೋಬೇಕು."

ಇದನ್ನು ಹೇಳಿದ ಮೇಲೆ ಅವನಿಗೇ ಅದರ ಅರ್ಥವಾಯಿತು. ಅವನ ಸಹಿ ನಂಬಿ ಒಬ್ಬರು ಹತ್ತಿ ಬಿದ್ದಿದ್ದರು. ಅವನು ಹೆಂಡತಿಯ ಕೈ ಬಿಡಿಸಿಕೊಂಡ. ಅವಳು ಅಳುತ್ತ ಅಲ್ಲಿಯ ಕುರ್ಚಿಯಲ್ಲಿ ಕೂತಳು, ಹಿಂದೆ ಬರಲಿಲ್ಲ.

ಜಾಹ್ನವಿ ತನ್ನ ಕೋಣೆಯಲ್ಲಿ ಕಂಪ್ಯೂಟರಿನ ಮುಂದಿದ್ದಳು. "ಬನ್ನಿ ಸಾರ್, ಸ್ಕ್ಯಾನ್ ನೋಡ್ದೆ! ಸ್ವೀಟ್ ಎಲ್ಲಿ?"

ಅವನು ಬಾಗಿಲಲ್ಲೇ ನಿಂತ. ಕನ್ನಡದಲ್ಲಿ ಹೇಳಲು ಬಾಯಿ ತೆರೆದ, ಆಗಲಿಲ್ಲ. ಕೊನೆಗೆ ಸೈಟಿನಲ್ಲಿ ಅವಘಡವಾದಾಗ ವರದಿ ಒಪ್ಪಿಸುವ ಇಂಗ್ಲಿಷಿನಲ್ಲಿ, ನೆಟ್ಟಗೆ ನಿಂತು, ಗೋಡೆ ನೋಡುತ್ತ ಹೇಳಿದ:

"ಸಿಸ್ಟರ್. ಮೈ ಡೈರಿ ನಾಟ್ ಕರೆಕ್ಟ್. ಲೂಸ್ ಮೋಷನ್. ಡೇ ಏಟ್ ಟು ಡೇ ನೈಂಟೀನ್. ನೈನ್ ಟೈಮ್ಸ್. ಟೆನ್ ಟೈಮ್ಸ್. ಒನ್ ಡೇ ಇಲೆವೆನ್. ಐ ರೈಟ್ ಟೂ."

ಜಾಹ್ನವಿಯ ಮುಖದ ನಗು ತಕ್ಷಣ ಹೋಗಲಿಲ್ಲ. ಅದು ಅಲ್ಲೇ ಸ್ವಲ್ಪ ಹೊತ್ತು ಅರ್ಥವಿಲ್ಲದೆ ಉಳಿಯಿತು. ಆಮೇಲೆ ಅವಳು ಫೋನ್ ತೆಗೆದುಕೊಂಡಳು. ಐದು ನಿಮಿಷದಲ್ಲಿ ಡಾಕ್ಟರು ಬಂದರು. ಅವರು ಇಂಗ್ಲಿಷಿನಲ್ಲಿ ಕೇಳಿದ ಒಂದೊಂದು ಪ್ರಶ್ನೆಯನ್ನೂ ಅವಳು ಕನ್ನಡಕ್ಕೆ ತಂದಳು. ನೀರಿನಂತಿತ್ತೇ? ರಕ್ತವಿತ್ತೇ? ಬಟ್ಟೆಯಲ್ಲಿ ಆಗಿತ್ತೇ? ಹಾಲಸಿದ್ದಪ್ಪ ಎಲ್ಲಕ್ಕೂ ತಲೆ ತಗ್ಗಿಸಿ ಉತ್ತರ ಕೊಟ್ಟ. ದಾಳಿಂಬೆ ಸಿಪ್ಪೆಯನ್ನೂ ಹೇಳಿದ, ಲಬನ್ನನ್ನೂ ಹೇಳಿದ. ಡಾಕ್ಟರು ಗದರಲಿಲ್ಲ. ಅಲ್ಲಿಂದಲೇ ನಾಲ್ಕನೆಯ ಮಹಡಿಗೆ ಫೋನ್ ಮಾಡಿ ಮಾಜಿದಾಳಿಗೆ ಮಾತ್ರೆ ಕೊಡಬೇಡಿ ಎಂದರು. ಅದೇ ಹೆಚ್ಚಿನ ಡೋಸಿನಲ್ಲಿದ್ದ ಉಳಿದಿಬ್ಬರು ರೋಗಿಗಳನ್ನೂ ಅಂದೇ ಕರೆಸಲು ಹೇಳಿದರು. ಹೋಗುವಾಗ ಇವನ ಹೆಗಲ ಮೇಲೆ ಕೈ ಇಡಲು ಹೊರಟು, ಯಾಕೋ ಇಡಲಿಲ್ಲ.

ಇಬ್ಬರೇ ಉಳಿದಾಗ ಜಾಹ್ನವಿ ಹೇಳಿದಳು: "ನಾನು ಕನ್ನಡದವಳು ಅಂತಾನೇ ನಿಮ್ಮನ್ನ ನಂಗೆ ಕೊಟ್ಟಿದ್ರು ಸಾರ್." ಅವಳ ಕಣ್ಣಲ್ಲಿ ನೀರಿತ್ತು. "ನೀವು ಕವರಾಲ್ ಹಾಕ್ಕೊಂಡು ಬಂದಿದ್ರಿ. ನಾನು ನಕ್ಕೆ. ಕೇಳ್ಬೇಕಿತ್ತು."

"ನಿನ್ನದೇನಿಲ್ಲವಾ ತಪ್ಪು," ಎಂದು ಹಾಲಸಿದ್ದಪ್ಪ ಹೇಳಿದ.

ಅವನು ನಾಲ್ಕನೆಯ ಮಹಡಿಗೆ ಹೋದ. ಅಬ್ದುಲ್ಲಾ ವಾರ್ಡಿನ ಬಾಗಿಲ ಹೊರಗೆ ಬೆಂಚಿನ ಮೇಲಿದ್ದ. ಅವನಿಗಿನ್ನೂ ಸುದ್ದಿ ತಲುಪಿರಲಿಲ್ಲ. ಇವನೇ ಹೇಳಬೇಕಾಯಿತು, ಕನ್ನಡದಲ್ಲೇ.

ಅಬ್ದುಲ್ಲಾ ಎಲ್ಲ ಕೇಳಿದ. ಎದ್ದು ನಿಂತ. ಮೂವತ್ತು ವರ್ಷ ಗಿರಾಕಿಗಳೊಡನೆ ನಯವಾಗಿ ಮಾತಾಡಿದ ಮನುಷ್ಯ, ದನಿ ಏರಿಸಲು ಅವನಿಗೆ ಬರಲಿಲ್ಲ.

"ಅವಳು ನಿಮ್ಮನ್ನು ಕೇಳಿದ್ಲು," ಎಂದ. "ಡಾಕ್ಟರನ್ನಲ್ಲ, ನನ್ನನ್ನಲ್ಲ. ನಿಮ್ಮನ್ನು. ನಿಮ್ಮ ಮಾತಿನ ಮೇಲೆ ಸೈನ್ ಹಾಕಿದ್ಲು. ನನ್ಗೆ ಈಗ ನಿಮ್ಮ ಮುಖ ನೋಡ್ಲಿಕ್ಕೆ ಆಗುದಿಲ್ಲ. ಹೋಗಿ ನೀವು."

ಒಳಗಿನಿಂದ ಬಳಲಿದ ದನಿ ಬಂತು: "ಯಾರು? ಸಿದ್ದಪ್ಪಣ್ಣನಾ? ಅವರನ್ನು ಬಿಡಿ ಒಳಗೆ."

ಮಾಜಿದಾ ಹಾಸಿಗೆಯಲ್ಲಿ ಅರ್ಧಕ್ಕೆ ಇಳಿದಿದ್ದಳು. ಬಾಗಿಲು ತೆರೆದಿದ್ದರಿಂದ ಎಲ್ಲ ಕೇಳಿಸಿತ್ತು. ಅವನು ಕಾಲ ಬಳಿ ನಿಂತು ಕೈ ಮುಗಿದ.

"ನಾಚಿಕೆಯಾ?" ಎಂದಳು. "ನಾಲ್ಕು ಮಕ್ಕಳ ಚಡ್ಡಿ ತೊಳೆದವಳು ನಾನು ಮಾರಾಯ್ರೇ. ನನ್ಗೆ ಹೇಳ್ಲಿಕ್ಕೆ ನಾಚಿಕೆಯಾ?" ನಗಲು ನೋಡಿದಳು, ಉಸಿರು ಸಾಲಲಿಲ್ಲ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು ಮತ್ತೆ ಹೇಳಿದಳು, ಈ ಸಲ ತಮಾಷೆಯಿಲ್ಲದೆ: "ನೀವು ಆವತ್ತು ಹೇಳಿದ್ದಿದ್ರೂ ನಾನು ನುಂಗ್ತಿದ್ದೆನೋ ಏನೋ. ಬೇರೆ ದಾರಿ ಎಂತ ಉಂಟು ನನ್ಗೆ? ಆದ್ರೆ ಮೊದಲ್ನೇ ದಿನವೇ ಫೋನ್ ಮಾಡ್ತಿದ್ದೆ. ಅಷ್ಟು ಹೇಳ್ಬೇಕಿತ್ತು ಅಣ್ಣ."

ಅವನು ಕೈ ಮುಗಿದೇ ಹೊರಗೆ ಬಂದ.

ಒಂದು ವಾರದ ಮೇಲೆ ಜಾಹ್ನವಿ ಗಂಡಹೆಂಡಿರಿಬ್ಬರನ್ನೂ ಕರೆಸಿದಳು. ತೀರ್ಮಾನ ಬಂದಿತ್ತು. ಡೋಸ್ ಏರಿಸುವುದನ್ನು ನಿಲ್ಲಿಸಿದ್ದರು. ಮಾಜಿದಾಳ ಕಿಡ್ನಿ ಪೂರ್ತಿ ಸರಿಯಾಗಿರಲಿಲ್ಲವಾದ್ದರಿಂದ ಅವಳು ಪ್ರಯೋಗದಿಂದ ಹೊರಗೆ. ಇನ್ನು ಅವಳಿಗೆ ಸಾಧಾರಣ ಕೀಮೋ. ಹಾಲಸಿದ್ದಪ್ಪನಿಗೆ ಗಡ್ಡೆ ಕರಗುತ್ತಿದ್ದುದರಿಂದ ಅವನು ಇನ್ನೂ ಕಡಿಮೆ ಡೋಸಿನಲ್ಲಿ ಮುಂದುವರಿಯಬಹುದು.

ಶಿವಗಂಗವ್ವ ಉಸಿರು ಬಿಟ್ಟಳು. ಹಾಲಸಿದ್ದಪ್ಪನಿಗೆ ತಲೆ ಎತ್ತಲಾಗಲಿಲ್ಲ. "ನನ್ನ ತಗೀರಿ," ಎಂದ. "ಅವ್ರನ್ನ ಇಟ್ಕೋರಿ."

"ಅದು ಹಾಗಲ್ಲ ಸಾರ್. ಅದಲುಬದಲು ಮಾಡೋಕಾಗಲ್ಲ." ಅವಳು ದಿನಚರಿಯ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಇವತ್ತು ಇದನ್ನ ಸರಿ ಮಾಡ್ಬೇಕು."

"ಹೊಸಾ ಪುಸ್ತಕ ಕೊಡವಾ. ಖರೇ ಖರೇ ಬರದ ಕೊಡ್ತೇನಿ. ಇದನ್ನ ಹರದ ಒಗೀರಿ."

"ಹರಿಯೋ ಹಾಗಿಲ್ಲ. ಅಳಿಸೋ ಹಾಗೂ ಇಲ್ಲ. ತಪ್ಪು ಬರೆದದ್ದರ ಮೇಲೆ ಒಂದೇ ಒಂದು ಗೆರೆ ಎಳೀಬೇಕು. ಕೆಳಗಿರೋದು ಓದೋಕೆ ಬರ್ಬೇಕು. ಪಕ್ಕದಲ್ಲಿ ಸರಿಯಾದ್ದು, ಸಹಿ, ಇವತ್ತಿನ ತಾರೀಖು. ಕೊನೇಲಿ ಯಾಕೆ ತಪ್ಪಾಯ್ತು ಅಂತ ಕಾರಣ."

ಅವನು ಎಂಟನೆಯ ದಿನದ ೨ರ ಮೇಲೆ ಪೆನ್ನು ಒತ್ತಿ ಎಳೆದ.

"ಮೆಲ್ಲಗೆ ಸಾರ್. ಎರಡು ಕಾಣ್ಬೇಕು."

ಸರಿಯಾದ ಸಂಖ್ಯೆ ಅವನಿಗೆ ಎಲ್ಲ ದಿನದ್ದೂ ನೆನಪಿರಲಿಲ್ಲ. ಶಿವಗಂಗವ್ವನಿಗಿತ್ತು. ಬಚ್ಚಲಿನ ನೀರಿನ ಸಪ್ಪಳವನ್ನು ಅವಳು ಅಡುಗೆಮನೆಯಿಂದಲೇ ಎಣಿಸಿದ್ದಳು. "ಒಂಬತ್ತನೇ ದಿನ ಜ್ವಾಳದ ಹಿಟ್ಟ ತೀರಿತ್ತು, ಅವತ್ತ ಏಳು. ಮರದಿನ ಪುಂಡಿಪಲ್ಲೆ ಮಾಡಿದ್ನಿ, ನೀವು ಮುಟ್ಟಲಿಲ್ಲ. ಒಂಬತ್ತು," ಎಂದು ಅವಳು ಗಂಡನ ಕಡೆ ನೋಡದೆ ಹೇಳುತ್ತ ಹೋದಳು. ಅವನು ಗೆರೆ ಎಳೆಯುತ್ತ, ಬರೆಯುತ್ತ, ಸಹಿ ಹಾಕುತ್ತ ಹೋದ. ಅದು ಹೆಂಡತಿಯ ನೆನಪಿನಿಂದ ಬಂದದ್ದು ಎಂದು ಜಾಹ್ನವಿ ಬೇರೆ ಹಾಳೆಯಲ್ಲಿ ಬರೆದುಕೊಂಡಳು. ಮುಗಿಯಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು.

"ಇದನ್ನ ಯಾರ್ಯಾರು ಓದ್ತಾರವಾ?"

"ಔಷಧಿ ಮಾಡೋರು. ಬೇರೆ ದೇಶದ ಆಸ್ಪತ್ರೆಯೋರು. ನಾನು ಕೆಳಗೆ ಇಂಗ್ಲಿಷಲ್ಲಿ ಬರೀತೀನಿ."

ಕಾರಣದ ಜಾಗದಲ್ಲಿ ಅವನು ಬಹಳ ಹೊತ್ತು ಪೆನ್ನು ಹಿಡಿದು ಕೂತ. ಆಮೇಲೆ ದುಂಡಗೆ ಬರೆದ: ಹೇಳಲಿಕ್ಕೆ ನಾಚಿಕೆಯಾಯಿತು. ಔಷಧ ನಿಲ್ಲಿಸುತ್ತಾರೆಂದು ಹೆದರಿದೆ. ಅಷ್ಟು ಸಾಲದು ಅನ್ನಿಸಿ ಇನ್ನೊಂದು ಸಾಲು ಸೇರಿಸಿದ: ಇದರಿಂದ ಮಾಜಿದಾ ಅವರಿಗೆ ತೊಂದರೆಯಾಯಿತು.

ಜಾಹ್ನವಿ ಓದಿ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬ ಪೇಶೆಂಟ್ ಹೆಸರು ಬರೀಬಾರದು ಸಾರ್. ನಿಯಮ. ಆ ಹೆಸರನ್ನ ಹೊಡೆದು ಹಾಕ್ಬೇಕು."

"ಪೂರಾ ಕಾಣದಂಗೇನು?"

"ಇಲ್ಲ. ಬೇರೆ ಸಾಲುಗಳ ಥರಾನೇ, ಒಂದೇ ಗೆರೆ."

ಹಾಲಸಿದ್ದಪ್ಪ ಆ ಹೆಸರಿನ ಮೇಲೆ ಮೆಲ್ಲಗೆ ಒಂದೇ ಗೆರೆ ಎಳೆದ. ಪಕ್ಕದಲ್ಲಿ ಸಹಿ ಹಾಕಿ ತಾರೀಖು ಬರೆದ. ಗೆರೆಯ ಕೆಳಗೆ ಹೆಸರು ಚೆನ್ನಾಗಿಯೇ ಓದಲು ಬರುತ್ತಿತ್ತು.